ಬರಿಗೈಯಲ್ಲಿ ಹೇಗೆ ಹೋಗೋದು ಹೇಳಿ

ತುಮಕೂರಿನ ಬಟವಾಡೀಲಿರೋ ನಮ್ಮ ಸೋದರಮಾವನಿಗೆ ಶುಗರ್ ಬಂದು ಆರು ವರ್ಷ ಆಯ್ತು. ನಮ್ಮ ಕಡೆ ಶುಗರ್ ಯಾವಾಗ್ಲೂ ನೆಂಟರ ಥರ ಬರುತ್ತೆ, ಹೋಗೋ ಮಾತು ಮಾತ್ರ ಆಡಲ್ಲ. ಮಾವನಿಗೇನೂ ಅಂಥ ತೊಂದರೆ ಇಲ್ಲ, ಬೆಳಿಗ್ಗೆ ಎರಡು ಮಾತ್ರೆ ನುಂಗ್ತಾರೆ, ಪೇಪರ್ ಓದ್ತಾರೆ, ವಾಕಿಂಗ್ ಹೋಗಿ ಬರ್ತಾರೆ. ತೊಂದರೆ ಆಗಿದ್ದು ನನಗೆ. ದೊಡ್ಡೋರ ಮನೆಗೆ ಬರಿಗೈಯಲ್ಲಿ ಹೋಗ್ಬಾರದು ಅಂತ ನಮ್ಮಮ್ಮ ತಲೆಗೆ ತುಂಬಿಬಿಟ್ಟಿದ್ದಾರೆ. ಮೊದಲೆಲ್ಲ ಸುಲಭ ಇತ್ತು, ಬಸ್ ಹತ್ತೋ ಮುಂಚೆ ಅರ್ಧ ಕೇಜಿ ಮೈಸೂರ್ ಪಾಕ್ ಕಟ್ಟಿಸ್ಕೊಂಡ್ರೆ ಮುಗೀತು, ಮಾವನಿಗೂ ಖುಷಿ ನಂಗೂ ಖುಷಿ. ಈಗ ಬೇಕರಿ ಮುಂದೆ ನಿಂತ್ರೆ ಪರೀಕ್ಷೆ ಹಾಲಲ್ಲಿ ಸಿಲಬಸ್ಸಲ್ಲಿ ಇಲ್ದೇ ಇರೋ ಪ್ರಶ್ನೆ ಬಂದ ಹಾಗಾಗುತ್ತೆ.

ಮೊದಲನೇ ಸಲ ನಾನು ಬಹಳ ಬುದ್ಧಿವಂತೆ ಅಂದ್ಕೊಂಡು ಶುಗರ್ ಫ್ರೀ ಮೈಸೂರ್ ಪಾಕ್ ತಗೊಂಡೆ. ಮಾಮೂಲಿಗಿಂತ ರೇಟು ಹತ್ರ ಹತ್ರ ಡಬಲ್, ಹಾಕೋ ಸಕ್ಕರೇನೂ ಹಾಕದೆ ಯಾಕಪ್ಪ ಜಾಸ್ತಿ ದುಡ್ಡು ಅಂತ ಕೇಳೋಣ ಅನ್ನಿಸ್ತು, ಹಿಂದೆ ಜನ ನಿಂತಿದ್ರು, ಕೇಳ್ಲಿಲ್ಲ. ಮಾವ ರಿಟೈರ್ಡ್ ಅಕೌಂಟ್ಸ್ ಮನುಷ್ಯ. ಡಬ್ಬದ ಮೇಲೆ ಫ್ರೀ ಅಂತ ಇದ್ದಿದ್ದನ್ನ ಲೆಕ್ಕಕ್ಕಿಲ್ಲ ಅಂತ ಅರ್ಥ ಮಾಡ್ಕೊಂಡು ಕಾಫಿ ಜೊತೆ ಮೂರು, ಟಿವಿ ಮುಂದೆ ಮೂರು, ಮಲಗೋ ಮುಂಚೆ ಬಾಯಿ ಸಪ್ಪೆ ಅಂತ ಎರಡು ಪೀಸ್ ಇಳಿಸಿದ್ರು. ಡಬ್ಬದ ಹಿಂದೆ ಇರುವೆ ಸಾಲಿನಂಥ ಅಕ್ಷರದಲ್ಲಿ ಇನ್ನೊಂದು ಮಾತಿತ್ತು, ಪಾಲಿಯಾಲ್‌ಗಳಿಂದ ಭೇದಿ ಆಗಬಹುದು ಅಂತ. ಅದನ್ನ ಓದಿದ್ದು ಬೆಳಿಗ್ಗೆ, ಅಷ್ಟೊತ್ತಿಗೆ ಮಾವ ರಾತ್ರಿಯೆಲ್ಲ ಪ್ರಾಕ್ಟಿಕಲ್ ಮುಗಿಸಿದ್ರು. ಸಕ್ಕರೆ ಬದಲು ಅದಕ್ಕೆ ಹಾಕಿರೋದು ಮಾಲ್ಟಿಟಾಲ್ ಅನ್ನೋ ಪಾಲಿಯಾಲ್ ಅಂತೆ, ಅದು ಸಣ್ಣ ಕರುಳಲ್ಲಿ ಪೂರ್ತಿ ಅರಗದೆ ನೀರು ಎಳ್ಕೊಂಡು ದೊಡ್ಡ ಕರುಳಿಗೆ ಹೋಗಿ ಅಲ್ಲಿ ಹುಳಿಯುತ್ತಂತೆ. ಹೋಗ್ಲಿ ಶುಗರ್ ಆದ್ರೂ ಏರಲ್ವಾ ಅಂದ್ರೆ ಅದೂ ಸ್ವಲ್ಪ ಏರಿಸುತ್ತೆ. ಕಡ್ಲೆಹಿಟ್ಟು ತುಪ್ಪ ಅಂತೂ ಯಥಾಪ್ರಕಾರ ಇದ್ದೇ ಇದೆ.

ಇದಾಗಿ ವಾರಕ್ಕೆ ಅತ್ತೆ ಫೋನ್ ಮಾಡಿದ್ರು. ಹಲೋ ಇಲ್ಲ, ಚೆನ್ನಾಗಿದ್ದೀಯಾ ಇಲ್ಲ, ನೇರವಾಗಿ "ತಿಂಡಿ ಆಗಿ ಎರಡು ಗಂಟೆ ಬಿಟ್ಟು ನೋಡಿದ್ರೆ ಶುಗರ್ 268" ಅಂದ್ರು. ಡಾಕ್ಟ್ರು 180ರ ಒಳಗಿರಬೇಕು ಅಂದಿದ್ರಂತೆ. ನಾನು ತಂದ ಸ್ವೀಟಿಂದಲೇ ಹಿಂಗಾಯ್ತು ಅನ್ನೋದು ಅತ್ತೆ ಜಡ್ಜ್‌ಮೆಂಟು. ವಾರದ ಹಿಂದೆ ತಿಂದಿದ್ದು, ಅದೂ ಪೂರ್ತಿ ಹೊರಗೆ ಹೋಗಿದ್ದು, ಈಗ ಹೇಗೆ ಏರ್ಸುತ್ತೆ ಅತ್ತೆ ಅಂತ ಕೇಳೋ ಧೈರ್ಯ ನನಗಿರಲಿಲ್ಲ. ಅಲ್ಲಿಂದಾಚೆಗೆ ಮದುವೆ ಮುಂಜಿ ನಾಮಕರಣ ಎಲ್ಲೇ ಸಿಕ್ರೂ "ಇವಳೇ ನೋಡಿ ಮೈಸೂರ್ ಪಾಕ್ ತಂದೋಳು" ಅಂತಲೇ ನನ್ನ ಪರಿಚಯ ಮಾಡಿಸೋದು.

ಮುಂದಿನ ಸಲ ಹಣ್ಣು. ಹಣ್ಣಿಗೆ ಯಾರೂ ಏನೂ ಅನ್ನಲ್ಲ ಅಂತ ಧೈರ್ಯ. ಅಂಗಡಿಯೋನಿಗೆ ಒಂದು ಒಳ್ಳೆ ಬುಟ್ಟಿ ಮಾಡಪ್ಪ ಅಂದೆ, ಅವನು ಚೆನ್ನಾಗೇ ಮಾಡ್ದ, ಸಪೋಟ, ದ್ರಾಕ್ಷಿ, ಬಾಳೆಹಣ್ಣು, ಎರಡು ಬಾದಾಮಿ ಮಾವು, ಮಧ್ಯದಲ್ಲಿ ಖರ್ಜೂರದ ಪ್ಯಾಕೆಟ್ಟು, ಮೇಲೆ ಕೆಂಪು ರಿಬ್ಬನ್ನು. ಅತ್ತೆ ಪ್ಲಾಸ್ಟಿಕ್ ಬಿಚ್ಚಿ ಒಂದೊಂದೇ ಎತ್ತಿ ನೋಡಿ ಟೇಬಲ್ ಮೇಲಿಟ್ರು, ಪೋಲಿಸರು ಪಂಚನಾಮೆ ಮಾಡೋ ಹಾಗೆ. ಕೊನೆಗೆ "ಇದರಲ್ಲಿ ನಿಮ್ಮ ಮಾವ ಭಯ ಇಲ್ದೆ ತಿನ್ನಬಹುದಾಗಿರೋದು ರಿಬ್ಬನ್ ಒಂದೇ ಕಣೇ" ಅಂದ್ರು. ಡಯಟಿಷಿಯನ್ ಹತ್ರ ಒಂದ್ಸಲ ಹೋಗಿ ಬಂದ್ಮೇಲೆ ಅತ್ತೆ ಫ್ರಿಜ್ ಬಾಗಿಲಿಗೆ ಚೀಟಿ ಅಂಟಿಸಿದ್ದಾರೆ, ಸೀಬೆ, ಪಪಾಯ, ಸೇಬು, ನೇರಳೆ ಪರವಾಗಿಲ್ಲ, ಅದೂ ಅಳತೆ ನೋಡಿ, ಜ್ಯೂಸ್ ಮಾಡ್ಬೇಡಿ ಅಂತ. ಹಣ್ಣು ಪೂರ್ತಿ ನಿಷೇಧ ಏನಲ್ವಂತೆ, ಎಷ್ಟು ಅನ್ನೋದೇ ವಿಷಯವಂತೆ. ಮಾವನಿಗೆ ಎರಡು ಹೋಳು ಮಾವಿನಹಣ್ಣು ಸ್ಯಾಂಕ್ಷನ್ ಆಯ್ತು. ಉಳಿದ ಬುಟ್ಟಿ ಪಕ್ಕದ ಮನೆಗೆ.

ಆಮೇಲೆ ರಾಗಿ ಬಿಸ್ಕೆಟ್. ರಾಗಿ ಅಂದ್ರೆ ನಮ್ಮ ಕಡೆ ಕಣ್ಣುಮುಚ್ಚಿ ನಂಬಿಕೆ ಅಲ್ವಾ, ಪ್ಯಾಕೆಟ್ ಮೇಲೆ ತೆನೆ ಚಿತ್ರ ಬೇರೆ. ಅತ್ತೆ ಕನ್ನಡಕ ಹಾಕ್ಕೊಂಡು ಹಿಂದೆ ಓದಿದ್ರು, ಮೊದಲನೇ ಹೆಸರು ಮೈದಾ, ಎರಡನೇದು ಸಕ್ಕರೆ, ಆಮೇಲೆ ಎಣ್ಣೆ, ರಾಗಿ ಮಾತ್ರ ಮದುವೆ ಇನ್ವಿಟೇಷನ್ನಲ್ಲಿ ದೂರದ ಸಂಬಂಧಿ ಹೆಸರಿನ ಥರ ಎಲ್ಲೋ ಕೆಳಗೆ. ಜಾಸ್ತಿ ಹಾಕಿರೋದನ್ನ ಮೊದಲು ಬರೀತಾರೆ ಅಂತ ಅವತ್ತೇ ನಂಗೆ ಗೊತ್ತಾಗಿದ್ದು. ಇನ್ನೊಂದು ಶಾಕ್ ಏನಂದ್ರೆ ನಿಜವಾದ ರಾಗೀಲೂ 100 ಗ್ರಾಮಿಗೆ ಸುಮಾರು 70 ಗ್ರಾಂ ಕಾರ್ಬೋಹೈಡ್ರೇಟೇ ಇರೋದು. ನಾರು ಇದೆ, ಕ್ಯಾಲ್ಸಿಯಂ ಇದೆ, ಒಂದು ಮುದ್ದೆ ತಿಂದು ಏಳು, ಮೂರು ನುಂಗಿ ರಾಗಿ ತಾನೇ ಅನ್ಬೇಡ ಅಂತ ಅತ್ತೆ ಮಾವನ ಕಡೆ ತಿರುಗಿ ಹೇಳಿದ್ರು, ನನ್ನ ಬಿಸ್ಕೆಟ್ ನೆಪ ಅಷ್ಟೆ.

ನಾನು ಬಿಡೋಳಲ್ಲ. ಆಫೀಸಲ್ಲೊಬ್ರು ಗೋಕಾಕಕ್ಕೆ ಹೋಗಿದ್ರು, ಕರದಂಟು ತರಿಸ್ಕೊಂಡೆ. ಬಾದಾಮಿ, ಗೋಡಂಬಿ, ಕೊಬ್ಬರಿ, ಕರಿದ ಅಂಟು, ಎಲ್ಲಾ ಆರೋಗ್ಯಕ್ಕೆ ಒಳ್ಳೇದೇ ಅಲ್ವಾ. ಅದನ್ನೆಲ್ಲ ಒಟ್ಟಿಗೆ ಹಿಡಿದಿಟ್ಟಿರೋದು ಬೆಲ್ಲದ ಪಾಕ ಅನ್ನೋದನ್ನ ಮಾತ್ರ ತಲೆಗೆ ಹಾಕ್ಕೊಂಡಿರಲಿಲ್ಲ. ಈ ಬೆಲ್ಲದ ವಿಷಯಕ್ಕೆ ನಮ್ಮ ನೆಂಟರಲ್ಲೇ ಎರಡು ಪಾರ್ಟಿ ಇದೆ. ಸಕ್ಕರೆ ವಿಷ, ಬೆಲ್ಲ ಅಮೃತ, ಅದರಲ್ಲೂ ಕಪ್ಪು ಬೆಲ್ಲ ಆದ್ರೆ ಶುಗರ್ ಇರೋರು ಎಷ್ಟು ಬೇಕಾದ್ರೂ ತಿನ್ನಬಹುದು ಅನ್ನೋರು ಒಂದು ಕಡೆ, ಫ್ರಿಜ್ ಚೀಟಿ ಹಿಡ್ಕೊಂಡ ಅತ್ತೆ ಒಬ್ಬರೇ ಇನ್ನೊಂದು ಕಡೆ. ಬೆಲ್ಲದಲ್ಲೂ ಬಹುಪಾಲು ಇರೋದು ಸಕ್ಕರೇಲಿರೋ ಅದೇ ಸುಕ್ರೋಸ್ ಕಣ್ರೀ, ಬಣ್ಣ ನೋಡಿ ಕರುಳು ಮೋಸ ಹೋಗಲ್ಲ ಅಂತ ಅತ್ತೆ ಒಂದು ಗೃಹಪ್ರವೇಶದಲ್ಲಿ ಹೋಳಿಗೆ ಬಡಿಸೋರಿಗೇ ಪಾಠ ಮಾಡಿದ್ರು. ಪಾಪ ಅವನು ಮುಂದಿನ ಎಲೆಗೆ ಓಡ್ದ.

ಇನ್ನು ಬೇರೆಯವರು ತರೋ ಗಿಫ್ಟು ನೋಡಿದ್ರೆ ನಾನೇ ವಾಸಿ. ಒಬ್ರು ಎರಡು ಕೇಜಿ ಹಾಗಲಕಾಯಿ ತಂದಿದ್ರು, ಉಡುಗೊರೆ ಅಂತ, ನಗುನಗ್ತಾ. ಮೆಂತ್ಯ ಅಂತೂ ಒಂದು ಡ್ರಮ್ ಆಗೋಷ್ಟಿದೆ. ಎಲ್ಲಕ್ಕಿಂತ ಜಾಸ್ತಿ ಇನ್ಸುಲಿನ್ ಗಿಡ. ನೋಡಿರ್ತೀರಿ, ಕಾಸ್ಟಸ್ ಇಗ್ನಿಯಸ್ ಅಂತಾರೆ, ದಂಟಿನ ಸುತ್ತ ಸುರುಳಿ ಮೆಟ್ಟಿಲ ಥರ ಎಲೆ, ಕಿತ್ತಳೆ ಬಣ್ಣದ ಹೂವು, ಎಲೆ ಅಗಿದ್ರೆ ಹುಳಿ ಹುಳಿ. ಒಂದು ತುಂಡು ನೆಟ್ರೆ ಸಾಕು ಹಬ್ಬುತ್ತೆ, ಆದ್ದರಿಂದ ಖರ್ಚಿಲ್ಲದ ಗಿಫ್ಟು. ಎಲೆ ತಿನ್ನಿ ಬಿಡಿ ಆದ್ರೆ ಮಾತ್ರೆ ನಿಲ್ಲಿಸಿದ್ರೆ ನನ್ನ ಹತ್ರ ಬರ್ಬೇಡಿ ಅಂದಿದ್ರಂತೆ ಡಾಕ್ಟ್ರು. ಮಾವನ ಮನೇಲಿ ಈಗ ಹನ್ನೊಂದು ಕುಂಡ ಇದೆ, ತುಳಸಿ ಒಂದು ಮೂಲೆ ಸೇರಿದೆ. ನಿಜವಾದ ಇನ್ಸುಲಿನ್ ಬಂದಿದ್ದು 1921ರಲ್ಲಿ, ಅದನ್ನ ಕಂಡುಹಿಡಿದವರಲ್ಲಿ ಒಬ್ಬರಾದ ಬ್ಯಾಂಟಿಂಗ್ ಹುಟ್ಟಿದ್ದು ನವೆಂಬರ್ 14, ಅದಕ್ಕೇ ಅವತ್ತು ವಿಶ್ವ ಮಧುಮೇಹ ದಿನ. ನಮ್ಮಲ್ಲಿ ಅವತ್ತೇ ಮಕ್ಕಳ ದಿನ ಅಂತ ಮೊಮ್ಮಗ ಸ್ಕೂಲಿಂದ ಚಾಕ್ಲೆಟ್ ಹಿಡ್ಕೊಂಡು ಬರ್ತಾನೆ. ಮಾವ ಕೈ ಚಾಚಿ "ಲೋ, ಇವತ್ತು ನನ್ನ ದಿನಾನೂ ಹೌದು, ಅರ್ಧ ಕೊಡೋ" ಅಂತಾರೆ. ಕೊಡಲ್ಲ ಅವನು.

ಒಂದು ಶನಿವಾರ ಮಾತ್ರ ನಗು ಬರ್ಲಿಲ್ಲ. ಮಾವನಿಗೆ ಶನಿವಾರ ಒಪ್ಪೊತ್ತು. ಬೆಳಿಗ್ಗೆ ಮಾತ್ರೆ ನುಂಗಿದ್ದಾರೆ, ತಿಂಡಿ ತಿಂದಿಲ್ಲ, ಅಡುಗೆ ಬೇರೆ ತಡ. ನಾನು ಹೋಗಿ ಚಪ್ಪಲಿ ಬಿಡ್ತಿದ್ದೀನಿ, ಮಾವ ಕುರ್ಚೀಲಿ ಬೆವರಿ ತೊಯ್ದುಹೋಗಿದ್ದಾರೆ, ಕೈ ನಡುಗ್ತಿದೆ, ಮಾತು ತೊದಲ್ತಿದೆ. ಅತ್ತೆ ಬೆರಳು ಚುಚ್ಚಿ ನೋಡಿದ್ರೆ 58. ಎಪ್ಪತ್ತರ ಕೆಳಗೆ ಹೋಗ್ಬಾರ್ದು. ಸಕ್ಕರೆ ಕೊಡ್ಬೇಕು, ಕೂಡ್ಲೇ ಕೊಡ್ಬೇಕು. ನಾನು ಬ್ಯಾಗಿಂದ ಗಿಫ್ಟ್ ತೆಗೆದೆ, ಅವತ್ತು ತಂದಿದ್ದೇನು ಗೊತ್ತಾ, ಶುಗರ್ ಫ್ರೀ ಚಾಕ್ಲೆಟ್. ಮನೆ ಹುಡುಕಿದ್ರೆ ಆರು ವರ್ಷದಿಂದ ಬಂದವರೆಲ್ಲ ತಂದಿರೋ ಶುಗರ್ ಫ್ರೀ ಬಿಸ್ಕೆಟ್ಟು, ಶುಗರ್ ಫ್ರೀ ಜಾಮು, ಶುಗರ್ ಫ್ರೀ ಮಾತ್ರೆ. ಹೆಸರಿಗೆ ತಕ್ಕ ಹಾಗೆ ಒಂದರಲ್ಲೂ ಸಕ್ಕರೆ ಇಲ್ಲ. ಪಕ್ಕದ ಮನೆಗೆ ಓಡ್ಲಾ ಅಂತಿದ್ದೆ, ಅತ್ತೆ ಒಂದು ಕ್ಷಣ ನನ್ನ ಮುಖ ನೋಡಿದ್ರು, ಮಾವನ ಮುಖ ನೋಡಿದ್ರು, ಆಮೇಲೆ ಅಡುಗೆಮನೆಗೆ ಹೋಗಿ ಅಕ್ಕಿ ಡ್ರಮ್ಮಿಗೆ ಮೊಣಕೈವರೆಗೂ ಕೈ ಹಾಕಿ ಒಂದು ಸ್ಟೀಲ್ ಡಬ್ಬಿ ಎತ್ತಿದ್ರು. ತುಂಬಾ ಸಕ್ಕರೆ. ಅವರ ಕಾಫಿಗೆ ಅಂತ ಬಚ್ಚಿಟ್ಕೊಂಡಿದ್ದು! ಮೂರು ಚಮಚ ನೀರಿಗೆ ಕಲಸಿ ಕುಡಿಸಿ ಕಾಲು ಗಂಟೆ ಬಿಟ್ಟು ಮತ್ತೆ ಚುಚ್ಚಿದ್ರೆ 84. ಆಮೇಲೆ ಊಟ ಹಾಕಿದ್ರು. ಮಾವ ಸುಧಾರಿಸಿಕೊಂಡು ಆಡಿದ ಮೊದಲನೇ ಮಾತು "ಏನೇ ಇದು, ಆರು ವರ್ಷದಿಂದ ಅಕ್ಕೀಲಿ ಸಕ್ಕರೆ ಇತ್ತಾ?"

ಅವತ್ತಿಂದ ಮನೇಲಿ ಬ್ಯಾಲೆನ್ಸ್ ಸ್ವಲ್ಪ ಬದಲಾಯ್ತು. ಸಕ್ಕರೆ ಡಬ್ಬಿ ಶೆಲ್ಫಿಗೆ ಬಂತು, ಶನಿವಾರದ ಒಪ್ಪೊತ್ತು ನಿಂತ್ಹೋಯ್ತು, ಆಂಜನೇಯ ಏನೂ ಬೇಜಾರ್ ಮಾಡ್ಕೊಂಡ ಹಾಗೆ ಕಾಣ್ಲಿಲ್ಲ.

ಡಿಸೆಂಬರಲ್ಲಿ ಮಾವ ತಾವೇ ಫೋನ್ ಮಾಡಿದ್ರು, ಪಿಸುಗುಟ್ತಾ. "ಈ ಸಲ ಬರೋವಾಗ ನನ್ನ ಕಾಯಿಲೆಗೆ ಅಂತ ಏನೂ ತರ್ಬೇಡ ಕಣಮ್ಮ. ಅವರೆಕಾಯಿ ತಗೊಂಡ್ಬಾ, ಸೊಗಡಿರೋದು." ತುಮಕೂರಿಗೆ ಬೆಂಗಳೂರಿಂದ ಅವರೆಕಾಯಿ ಹೊತ್ಕೊಂಡು ಹೋಗೋದು ಅಂದ್ರೆ ತಾಯಿ ಮುಂದೆ ತವರಿನ ಸುದ್ದಿ ಹೇಳಿದ ಹಾಗೆ, ಆದ್ರೂ ಯಶವಂತಪುರ ಮಾರ್ಕೆಟ್ಟಲ್ಲಿ ಮಾಗಡಿ ಕಾಯಿ ಅಂತ ಹೇಳಿದ್ದನ್ನ ಮೂಸಿ ನೋಡಿ ಐದು ಕೇಜಿ ತಗೊಂಡೆ. ಅತ್ತೆ ಚೀಲ ಬಿಚ್ಚಿದ್ರು. ಓದೋಕೆ ಲೇಬಲ್ ಇಲ್ಲ. ಒಂದು ಕಾಯಿ ಸುಲಿದ್ರು, ಮೂಸಿದ್ರು, ಏನೂ ಮಾತಾಡದೆ ಹಾಲಲ್ಲಿ ಪೇಪರ್ ಹಾಸಿದ್ರು. ಅಷ್ಟೇ, ಎಲ್ಲರೂ ಕೂತ್ವಿ. ಸಿಪ್ಪೆ ಒಂದು ಕಡೆ, ಕಾಳು ಒಂದು ಕಡೆ, ಹಸಿರು ಹುಳ ಕಂಡಾಗ ಮೊಮ್ಮಗನ ಕಿರುಚಾಟ, ಬೆರಳೆಲ್ಲ ಸೊಗಡಿನ ಜಿಡ್ಡು. ಅವರೇಲೂ ಪಿಷ್ಟ ಇದೆ ನಾರೂ ಇದೆ ಪ್ರೋಟೀನೂ ಇದೆ, ನಿಧಾನಕ್ಕೆ ಏರುತ್ತೆ, ತಿನ್ಲಿ ಬಿಡು ಅಂತ ಅತ್ತೆ ತಮಗೆ ತಾವೇ ಹೇಳ್ಕೊಂಡ್ರು. ನಾಳೆಗೆ ಹಿತಕಿದ ಬೇಳೆ ಅಂತ ಅರ್ಧ ನೆನೆಸೋಕೆ ಎತ್ತಿಟ್ರು.

ಅತ್ತೆ ಒಳಗೆ ಹೋಗಿದ್ದೇ ತಡ ಮಾವ ಪಕ್ಕಕ್ಕೆ ಸರಿದ್ರು. "ಆ 268 ನಿನ್ನ ಮೈಸೂರ್ ಪಾಕಿಂದಲ್ಲ ಕಣೇ."

"ಮತ್ತೆ?"

"ಕ್ಯಾತ್ಸಂದ್ರ."

ವಾಕಿಂಗ್ ಅಂತ ಹೋಗ್ತಿದ್ದಿದ್ದು ಕ್ಯಾತ್ಸಂದ್ರಕ್ಕಂತೆ, ಅಲ್ಲಿ ಎರಡು ತಟ್ಟೆ ಇಡ್ಲಿ, ಮೇಲೆ ಬೆಣ್ಣೆ, ಆಮೇಲೆ ಮನೆಗೆ ಬಂದು ಅತ್ತೆ ಕೊಟ್ಟ ಓಟ್ಸ್. ಸಿಹಿ ಇಲ್ವಲ್ಲ ಅಕ್ಕಿ ತಾನೇ ಅಂತ ಅವರ ವಾದ. ಮೂರು ವರ್ಷದಿಂದ ನನ್ನ ತಲೆ ಮೇಲಿದ್ದ ಆರೋಪ! ಅತ್ತೇನ ಈಗಲೇ ಕರೀತೀನಿ ಅಂತ ಎದ್ದೆ, ಮಾವ ಅವರೆಕಾಯಿ ಹಿಡಿದ ಕೈಯಲ್ಲೇ ಕೈ ಮುಗಿದ್ರು. ಸುಮ್ನಾದೆ.

ಹೊರಡೋವಾಗ ಅತ್ತೆ ಅರಿಶಿನ ಕುಂಕುಮ ಕೊಟ್ಟು, ಬರಿಗೈಯಲ್ಲಿ ಹೇಗೆ ಕಳಿಸೋದು ಅಂತ ಹನ್ನೊಂದರಲ್ಲಿ ಒಂದು ಕುಂಡ ನನ್ನ ಕೈಗೆ ಹಿಡಿಸಿದ್ರು. ಬಸ್ಸಲ್ಲಿ ತೊಡೆ ಮೇಲಿಟ್ಕೊಂಡು ಕೂತೆ. ಕಂಡಕ್ಟರ್ ಟಿಕೆಟ್ ಕೊಡ್ತಾ ಒಂದು ನಿಮಿಷ ನಿಂತ್ರು. "ಇನ್ಸುಲಿನ್ ಗಿಡ ಅಲ್ವಾ ಮೇಡಂ, ಒಂದೆಲೆ ಕಿತ್ಕೊಳ್ಲಾ, ನಂಗೂ ಇದೆ." ಕಿತ್ಕೊಳ್ಳಿ ಅಂದೆ. ಹಿಂದಿನ ಸೀಟಿನ ಆಂಟಿ ಬಗ್ಗಿ ನಮ್ಮನೆಯವರಿಗೆ ಅಂತ ಎರಡು ಕಿತ್ಕೊಂಡ್ರು. ದಾಬಸ್‌ಪೇಟೇಲಿ ಹತ್ತಿದ ಯಜಮಾನ್ರು ಕೇಳೋಕೂ ಹೋಗ್ಲಿಲ್ಲ. ನೆಲಮಂಗಲದ ಹೊತ್ತಿಗೆ ಸುತ್ತ ಕೂತೋರೆಲ್ಲ ಹುಳಿ ಹುಳಿ ಮುಖ ಮಾಡ್ಕೊಂಡು ಅಗೀತಾ ತಮ್ಮ ತಮ್ಮ ಫಾಸ್ಟಿಂಗ್ ಎಷ್ಟು, ಊಟ ಆದ್ಮೇಲೆ ಎಷ್ಟು ಅಂತ ಮಾತಾಡ್ತಿದ್ರು. ಯಶವಂತಪುರದಲ್ಲಿ ಇಳಿಯೋವಾಗ ಕುಂಡದಲ್ಲಿ ಒಂದು ದಂಟು, ತುದೀಲಿ ಎರಡು ಚಿಗುರೆಲೆ.