ಬಾಯಿ ಯಾವ ಗುಂಪಿಗೆ?

ಬೆಳಗ್ಗೆ ಹಾಲು ಉಕ್ಕಿದರೆ ನಮ್ಮ ಮನೆಯಲ್ಲಿ ಯಾರೂ ಕಾರಣ ಕೇಳುವುದಿಲ್ಲ. ನಾನು ಗ್ಯಾಸಿನ ಮುಂದೆ ನಿಂತು ಫೋನಿನಲ್ಲಿ ಕನೆಕ್ಷನ್ಸ್ ಆಡುತ್ತಿದ್ದೆ ಅಂತಲೇ ಅರ್ಥ. 2023ರ ಜೂನ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್‌ನವರು ಶುರು ಮಾಡಿದ ಆಟ ಇದು. ದಿನಕ್ಕೊಂದು. 16 ಪದ ಕೊಡುತ್ತಾರೆ, ಒಂದಕ್ಕೊಂದು ನಂಟು ಹುಡುಕಿ ನಾಲ್ಕು ನಾಲ್ಕರಂತೆ ಗುಂಪು ಮಾಡಬೇಕು, ನಾಲ್ಕು ಸಲ ತಪ್ಪಿದರೆ ಆಟ ಖಲಾಸ್. ಹಳದಿ ಗುಂಪು ಸುಲಭ, ನೇರಳೆ ಎಲ್ಲಕ್ಕಿಂತ ಕಷ್ಟ. ನನಗೆ ಮಾತ್ರ ನೇರಳೆ ಸುಮ್ನೆ ಸಿಗುತ್ತದೆ. ಉಳಿದ ನಾಲ್ಕು ಪದ ಅದೇ ಅಲ್ವಾ?

ಮೊಟ್ಟಮೊದಲ ದಿನದ ಆಟವನ್ನು ಮಗಳು ಹುಡುಕಿ ಕೊಟ್ಟಳು. ರೇನ್, ಸ್ನೋ, ಹೇಲ್ ಇದ್ದವು, ಜೊತೆಗೆ ಹೀಟ್. ಮುಂಬೈ ಪಕ್ಕದ ನಮ್ಮ ಡೊಂಬಿವಲಿಯಲ್ಲಿ ಮೇ ತಿಂಗಳು ಕಳೆದವನಿಗೆ ಹೀಟ್ ಹವಾಮಾನ ಅಲ್ಲ ಅಂದರೆ ನಂಬುತ್ತಾನಾ? ಒತ್ತಿದೆ. ತಪ್ಪು. ಅದು ಅಮೆರಿಕದ ಬಾಸ್ಕೆಟ್‌ಬಾಲ್ ತಂಡವಂತೆ, ಜಾಝ್, ನೆಟ್ಸ್, ಬಕ್ಸ್ ಜೊತೆ ಹೋಗಬೇಕಂತೆ!

ಅವರ ಬಾಸ್ಕೆಟ್‌ಬಾಲ್ ನಮಗ್ಯಾಕೆ, ಕನ್ನಡದಲ್ಲೇ ಮಾಡ್ತೀನಿ ಅಂತ ಭಾನುವಾರ ಒಲೆ ಮೇಲೆ ಹಾಲಿಟ್ಟು ಬಂದು, ಹಳೇ ಕ್ಯಾಲೆಂಡರಿನ ಹಿಂದೆ 16 ಪದ ಚೆಲ್ಲಾಪಿಲ್ಲಿಯಾಗಿ ಬರೆದೆ. ವಿಕಟಕವಿ, ಕನಕ, ಸರಸ, ನಯನ. ಹಿಂದುಮುಂದು ಹೇಗೆ ಓದಿದರೂ ಒಂದೇ, ಇದು ನನ್ನ ನೇರಳೆ. ಮೂಗು, ಕಿವಿ, ಕೆನ್ನೆ, ಬಾಯಿ. ಠಾಣೆ, ದಾದರ್, ಕುರ್ಲಾ, ಮಾಟುಂಗಾ, ಅಂದರೆ ಮುಂಬೈ ಲೋಕಲ್ ರೈಲಿನ ಸೆಂಟ್ರಲ್ ಲೈನಿನ ಸ್ಟೇಷನ್ನುಗಳು. ಮತ್ತೆ ಬೆಳಗ್ಗೆ ಬೆಲ್ ಒತ್ತುವವರು: ಹಾಲಿನವ, ಪೇಪರಿನವ, ಇಸ್ತ್ರಿಯವ, ಕಸದವ. ನಯನವನ್ನು ಮೂಗಿನ ಪಕ್ಕ ಇಟ್ಟು ಎಲ್ಲರೂ ಬೀಳಲಿ ಅಂತ ನನ್ನ ಹೊಂಚು.

ಧಾರವಾಡದಿಂದ ಬಂದಿದ್ದ ಅವ್ವ ಕನ್ನಡಕ ಏರಿಸಿ ನೋಡಿದಳು. "ಠಾಣೆ ಐತಿ, ಪೊಲೀಸರು ಎಲ್ಲಿ ಅದಾರ?" ಅಂದಳು. ಕೊನೆಯವರೆಗೂ ಪೊಲೀಸರನ್ನು ಹುಡುಕುತ್ತಲೇ ಇದ್ದಳು.

ಮಗಳು ಎರಡೇ ನಿಮಿಷದಲ್ಲಿ ಮುಗಿಸಿದಳು. ಹಾಲಿನವ, ಪೇಪರಿನವ, ಇಸ್ತ್ರಿಯವ, ಬಾಯಿ.

"ಬಾಯಿ ಅಲ್ಲಿ ಹೇಗೆ ಬಂತೇ?"

"ದಿನಾ ಎಂಟು ಗಂಟೆಗೆ ಬರ್ತಾರಲ್ಲಪ್ಪಾ."

ಹೌದು, ಇಲ್ಲಿ ಮನೆಕೆಲಸದವರನ್ನು ಬಾಯಿ ಅಂತಲೇ ಕರೆಯುವುದು. ಇಲ್ಲೇ ಹುಟ್ಟಿ ಬೆಳೆದ ಹುಡುಗಿಗೆ ಮೊದಲು ಹೊಳೆಯುವುದೂ ಅದೇ. ಬಾಯಿ ಹೋದ ಜಾಗಕ್ಕೆ ನಯನ ಬಂದು ಮುಖ ಭರ್ತಿಯಾಗಿತ್ತು. ಸರಿ, ಹಾಗಾದರೆ ವಿಕಟಕವಿ, ಕನಕ, ಸರಸ, ಕಸದವ, ಇವರಿಗೆಲ್ಲ ಏನು ನಂಟು ಅಂತ ಕೇಳಿದೆ.

"ಉಳಿದಿದ್ದೇ ನೇರಳೆ. ನೀನೇ ಹೇಳಿದ್ದು."

ನಾನು ದನಿ ಏರಿಸಿದೆ. "ಬಾಯಿ ಮುಖದಲ್ಲಿರೋದು ಕಣೇ! ಬಾಯಿ! ಬಾಯಿ!"

ಅಡುಗೆಮನೆಯಿಂದ ಒದ್ದೆ ಕೈ ಒರೆಸಿಕೊಳ್ಳುತ್ತಾ ಬಾಯಿ ಬಂದರು. ಮೂರು ಸಲ ಕರೆದಿದ್ದೆನಲ್ಲ.

"ಗ್ಯಾಸ್ ಬಂದ್ ಕೇಲಾ, ಸಾಹೇಬ್," ಅಂದರು. "ದೂಧ್ ಉತೂ ಗೇಲಂ."