ವಿಷನ್ ಆಮೇಲೆ ನೋಡೋಣ, ಮೊದಲು ಆ ಹುಡುಗನಿಗೆ ಉತ್ತರ ಕೊಡಿ

ಮೊನ್ನೆ ಶುಕ್ರವಾರ ರಾತ್ರಿ ಹನ್ನೊಂದೂವರೆಗೆ ಒಂದು ಕೈಯಲ್ಲಿ ಊಟ, ಇನ್ನೊಂದು ಕೈಯಲ್ಲಿ ಫೋನ್. ನಮ್ಮ ಕನ್ನಡ ಗೇಮ್ ಡೆವಲಪರ್‌ಗಳ ಗುಂಪು ತೆಗೆದರೆ 140 ಹೊಸ ಮೆಸೇಜ್! ಯಾರೋ ಪುಣ್ಯಾತ್ಮ ಗೇಮ್ ಮುಗಿಸಿರಬೇಕು, ಅದಕ್ಕೇ ಇಷ್ಟು ಗದ್ದಲ ಅಂದುಕೊಂಡು ಖುಷಿಯಿಂದ ಮೇಲಕ್ಕೆ ಹೋದೆ. ಅಂಥದ್ದೇನೂ ಇಲ್ಲ. 'ನಮ್ಮ ಸಮುದಾಯದ ಮುಂದಿನ ದಿಕ್ಕು' ಅಂತ ಚರ್ಚೆ. ಲೋಗೊ ಬದಲಾಯಿಸಬೇಕಂತೆ. ಐದು ಸಮಿತಿ ಮಾಡಬೇಕಂತೆ. ವಿಷನ್ ಡಾಕ್ಯುಮೆಂಟ್ ಬರೆಯಬೇಕಂತೆ. ಅದನ್ನು ಬರೆಯೋಕೆ ಇನ್ನೊಂದು ಸಮಿತಿ, ಅದು ಆರನೆಯದು.

ಈ 140ರ ಮಧ್ಯೆ ಒಂದು ಮೆಸೇಜ್ ಹೂತುಹೋಗಿತ್ತು. ಹಾಸನದ ಕಡೆಯ ಹುಡುಗ, ಡಿಪ್ಲೊಮಾ ಓದುತ್ತಿದ್ದಾನೆ. ಚೌಕಾಬಾರವನ್ನು ಮೊಬೈಲ್ ಗೇಮ್ ಮಾಡುತ್ತಿದ್ದಾನೆ. ಐದೈದು ಮನೆ, ನಾಲ್ಕು ಕವಡೆ, ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಬಾರ. ಅಜ್ಜಿಯ ಕವಡೆಗಳನ್ನೇ ಸಿಮೆಂಟ್ ನೆಲದ ಮೇಲೆ ಉರುಳಿಸಿ ಸದ್ದು ರೆಕಾರ್ಡ್ ಮಾಡಿಕೊಂಡಿದ್ದಾನೆ. ಒಂದು ಚಿಕ್ಕ ವಿಡಿಯೊ ಹಾಕಿದ್ದ, ಆ ಸದ್ದು ಕೇಳಿ ನಾನು ತಿನ್ನೋದು ನಿಲ್ಲಿಸಿದೆ. ಕಾಯಿ ನಡುಮನೆ ಸೇರಿದಾಗ ಪರದೆ ಮೇಲೆ 'ಹಣ್ಣಾಯ್ತು' ಅಂತ ಬರಬೇಕು. ಬರುತ್ತಿರುವುದು 'ಹಣ್‌ಣಾಯ್‌ತು'. "ಅಣ್ಣಾ, ಒತ್ತಕ್ಷರ ಕೆಳಗೆ ಹೋಗ್ತಾನೇ ಇಲ್ಲ. ನಾಲ್ಕು ಫಾಂಟ್ ಹಾಕಿ ನೋಡ್ದೆ. ಯಾರಿಗಾದ್ರೂ ಗೊತ್ತಾ?" ಅಂತ ಕೇಳಿದ್ದ.

ಬಂದ ಉತ್ತರ ಮೂರು. ಒಬ್ಬರದು ಹೆಬ್ಬೆರಳು. ಇನ್ನೊಬ್ಬರದು 'ಸೂಪರ್ ಬ್ರೋ, ಕನ್ನಡ ಬೆಳೆಸಿ'. ಮೂರನೆಯವರದು 'ಆ ಇಂಜಿನ್ ಇನ್ನೂ ಬಳಸ್ತೀಯಾ?' ಮುಗೀತು. ಅಲ್ಲಿಂದ ಇಂಜಿನ್ ಜಗಳ, ಅಂದರೆ ಗೇಮ್ ಕಟ್ಟೋಕೆ ಯಾವ ಸಾಫ್ಟ್‌ವೇರ್ ಒಳ್ಳೇದು ಅಂತ. 2023ರ ಸೆಪ್ಟೆಂಬರ್‌ನಲ್ಲಿ ಯೂನಿಟಿ ಅನ್ನೋ ಇಂಜಿನ್‌ನವರು ಗೇಮ್ ಎಷ್ಟು ಸಲ ಇನ್‌ಸ್ಟಾಲ್ ಆಯ್ತು ಅನ್ನೋ ಲೆಕ್ಕದಲ್ಲಿ ಶುಲ್ಕ ಅಂತ ಘೋಷಿಸಿದ್ದರಲ್ಲ, ಸರಿಯಾಗಿ ಒಂದು ವರ್ಷಕ್ಕೆ ಅವರೇ ಅದನ್ನು ಕೈಬಿಟ್ಟರು. ನಮ್ಮವರು ಬಿಟ್ಟಿಲ್ಲ. ನಲವತ್ತು ಮೆಸೇಜ್ ಅದರದ್ದೇ. ಹುಡುಗ ಮತ್ತೆ ಬಾಯಿ ಬಿಡಲಿಲ್ಲ.

ಅವನಿಗೆ ಬೇಕಾಗಿದ್ದ ಉತ್ತರ ಎಷ್ಟು ಚಿಕ್ಕದು ಗೊತ್ತಾ? ತಪ್ಪು ಫಾಂಟಿನದ್ದಲ್ಲ. ಕಂಪ್ಯೂಟರ್ ಒಳಗೆ 'ಣ್ಣ' ಅಂದರೆ ಮೂರು ಸಂಕೇತ: ಒಂದು ಣ, ಅದನ್ನು ಅರ್ಧ ಮಾಡುವ ಗುರುತು, ಮತ್ತೊಂದು ಣ. ಎರಡನೆಯದನ್ನು ಒತ್ತಾಗಿಸಿ ಕೆಳಗೆ ಕೂರಿಸುವ ಕೆಲಸವನ್ನು ಬೇರೆಯೇ ಒಂದು ಪ್ರೋಗ್ರಾಂ ಮಾಡಬೇಕು. ಅದಿಲ್ಲದ ಕಡೆ ಅಕ್ಷರಗಳು ಇಟ್ಟಿಗೆ ಜೋಡಿಸಿದ ಹಾಗೆ ಸಾಲಾಗಿ ನಿಲ್ಲುತ್ತವೆ. ಗೊಡೊ ಅನ್ನೋ ಇಂಜಿನ್‌ನಲ್ಲಿ 4.0ರಿಂದ, ಅಂದರೆ 2023ರ ಮಾರ್ಚ್‌ನಿಂದ, ಹಾರ್ಫ್‌ಬಝ್ ಅನ್ನೋ ಅಂಥ ಪ್ರೋಗ್ರಾಂ ಒಳಗೇ ಇದೆ, ಆ ಕೆಲಸ ಅದು ನೋಡಿಕೊಳ್ಳುತ್ತದೆ. ಇಂಜಿನ್ ಬದಲಾಯಿಸುವಷ್ಟು ಸಮಯ ಇಲ್ವಾ? ಹಳೆಯ 'ನುಡಿ' ತಂತ್ರಾಂಶದ ಥರದ, ಯೂನಿಕೋಡ್ (ಈಗ ಎಲ್ಲ ಕಡೆ ಬಳಸುವ ಅಕ್ಷರ ಸಂಕೇತ) ಅಲ್ಲದ ಫಾಂಟ್ ಹಾಕು. ಅದರಲ್ಲಿ ಒತ್ತು ಬೇರೆಯೇ ತುಂಡು, ಮುರಿಯೋದೇ ಇಲ್ಲ. ಆದರೆ ಅದೇ ಫಾಂಟಲ್ಲಿ ಇಂಗ್ಲಿಷ್ ಹೆಸರು ಹಾಕಿದರೆ ಕಲಸುಮೇಲೋಗರ ಆಗುತ್ತದೆ, ಅದೊಂದು ನೋಡಿಕೋ. ಅದೂ ಬೇಡ ಅಂದರೆ ಪದಗಳನ್ನು ಚಿತ್ರ ಮಾಡಿ ಅಂಟಿಸು. ಚೌಕಾಬಾರಕ್ಕೆ ಎಷ್ಟು ಪದ ಬೇಕು? ಹದಿನೈದು?

ಇಷ್ಟೇ. ನಮ್ಮ ಗುಂಪಿನಲ್ಲಿ ಇದು ಗೊತ್ತಿರುವವರು ಕಡಿಮೆ ಅಂದರೂ ಹತ್ತು ಜನ. ಆ ಹತ್ತೂ ಜನ ಲೋಗೊ ಬಣ್ಣದ ಬಗ್ಗೆ ಮಾತಾಡುತ್ತಿದ್ದರು.

ಹತ್ತರಲ್ಲಿ ಒಬ್ಬ ನಾನು. ಹೌದು, ಇಷ್ಟು ಹೊತ್ತು ಬೈದೆನಲ್ಲ, ಈಗ ನನ್ನದೂ ಕೇಳಿ. 2020ರ ಲಾಕ್‌ಡೌನಿನಲ್ಲಿ ಅಳಗುಳಿ ಮಣೆ ಗೇಮ್ ಮಾಡ್ತೀನಿ ಅಂತ ಇಲ್ಲೇ ಡಂಗುರ ಹೊಡೆದಿದ್ದೆ, ನಿಮಗೆ ನೆನಪಿದ್ದೀತು. (ಎಲ್ಲಿಗೆ ಬಂತು ಅಂತ ದಯವಿಟ್ಟು ಕೇಳಬೇಡಿ.) ಆಗ ಇದೇ ಒತ್ತಕ್ಷರ ಮೂರು ವಾರ ನನ್ನ ಜೀವ ತಿಂದಿತ್ತು. ಇದೇ ಗುಂಪಿನ ಒಬ್ಬರು, ನಾನು ಇವತ್ತಿಗೂ ಮುಖ ನೋಡಿಲ್ಲ, ರಾತ್ರಿ ಎರಡು ಗಂಟೆವರೆಗೆ ಫೋನಿನಲ್ಲಿ ಬಿಡಿಸಿ ಹೇಳಿದರು. ಥ್ಯಾಂಕ್ಸ್ ಹೇಳಿ ಮಲಗಿದೆ. ಅದನ್ನು ನಾಲ್ಕು ಜನಕ್ಕೆ ಸಿಗುವ ಹಾಗೆ ಎಲ್ಲಾದರೂ ಬರೆದಿಟ್ಟೆನಾ? ಇಲ್ಲ. ಆಮೇಲೆ ಇದೇ ಪ್ರಶ್ನೆ ಐದಾರು ಸಲ ಬಂತು. ಎರಡು ಸಲ ಖಾಸಗಿಯಾಗಿ ಉತ್ತರ ಕೊಟ್ಟೆ. ಉಳಿದ ಸಲ ನೋಡಿಯೂ ನೋಡದ ಹಾಗೆ ಮುಂದೆ ಹೋದೆ. ಮೊನ್ನೆ ವಿಷನ್ ಡಾಕ್ಯುಮೆಂಟ್ ಮೆಸೇಜಿಗೆ ಮೊದಲ ಲೈಕ್ ಕೂಡ ನನ್ನದೇ.

'ಹಾಗಂತ ದೊಡ್ಡದು ಯೋಚಿಸಬಾರದಾ? ರಾಜ್ಯದಲ್ಲಿ ಅನಿಮೇಷನ್, ಗೇಮಿಂಗ್ ಥರದ ಉದ್ಯಮಗಳಿಗೆ 2024-29ರ ಎವಿಜಿಸಿ-ಎಕ್ಸ್‌ಆರ್ ನೀತಿ ಇದೆ, ಸರ್ಕಾರದ ಹತ್ತಿರ ಹೋಗಬೇಕಂದ್ರೆ ನಮಗೊಂದು ರೂಪ ಬೇಕಲ್ವಾ' ಅಂತ ಒಬ್ಬ ಹಿರಿಯರು ಕೇಳಿದರು. ಬೇಕು ಸ್ವಾಮಿ. ಹೋಗಿ ಬನ್ನಿ. ಸರ್ಕಾರದವರು 'ನೀವು ಮಾಡಿದ ಗೇಮ್ ತೋರಿಸಿ' ಅಂದರೆ ಏನು ತೋರಿಸ್ತೀರಿ, ಲೋಗೊನಾ? ಅಂದಹಾಗೆ ಗುಂಪಿಗೆ ಬಂದ ಮೂರು ಲೋಗೊಗಳಲ್ಲಿ ಒಂದರಲ್ಲಿ ಒತ್ತಕ್ಷರ ಒಡೆದಿದೆ. ಯಾರೂ ಗಮನಿಸಿದಂತಿಲ್ಲ.

ಬೆಂಗಳೂರಿನಲ್ಲಿ ಧ್ರುವ ಇಂಟರಾಕ್ಟಿವ್ ಅನ್ನೋ ಗೇಮ್ ಕಂಪನಿ ಶುರುವಾಗಿದ್ದು 1997ರಲ್ಲಿ. ಅಂದರೆ ಈ ಕೆಲಸ ನಮ್ಮೂರಿಗೆ ಹೊಸದೇನಲ್ಲ. ಆದರೆ ಇಲ್ಲಿ ಆದದ್ದರಲ್ಲಿ ಜಾಸ್ತಿ ಹೊರದೇಶದ ಗೇಮ್‌ಗಳಿಗೆ ಕಾರು, ಮರ, ಕಟ್ಟಡ ಮಾಡಿಕೊಡುವ ಕೆಲಸ. ಸೇರುವ ದಿನವೇ ಗುಟ್ಟು ಬಿಡಲ್ಲ ಅಂತ ಸಹಿ. ನಾನೂ ಹಾಕಿದ್ದೇನೆ. ಕಲಿತದ್ದೆಲ್ಲ ಆಫೀಸಿನ ಒಳಗೇ ಉಳಿಯಿತು. ಹಾಸನದಲ್ಲಿ ಕೂತ ಹುಡುಗನಿಗೆ ಆ ಬಾಗಿಲು ಇಲ್ಲ, ಇರುವುದು ಈ ಗುಂಪೊಂದೇ. ಅಲ್ಲೂ ಅವನಿಗೆ ಸಿಕ್ಕಿದ್ದು ಹೆಬ್ಬೆರಳು.

ಲೂಡಮ್ ಡೇರ್ ನೋಡಿ, ಅದೊಂದು ಆನ್‌ಲೈನ್ ಗೇಮ್ ಜಾಮ್, ಅಂದರೆ ಗಡುವಿನೊಳಗೆ ಗೇಮ್ ಮಾಡುವ ಸ್ಪರ್ಧೆ. 2002ರಲ್ಲಿ ಶುರುವಾದದ್ದು. 48 ಗಂಟೆ, ಒಬ್ಬರೇ ಕೂತು ಒಂದು ಗೇಮ್. ಅದಲ್ಲ ನನಗೆ ಇಷ್ಟ ಆಗಿದ್ದು, ಆಮೇಲಿನದ್ದು. ನೀವು ಬೇರೆಯವರ ಗೇಮ್ ಆಡಿ ಅಂಕ ಕೊಟ್ಟಷ್ಟೂ ನಿಮ್ಮದು ಬೇರೆಯವರ ಕಣ್ಣಿಗೆ ಬೀಳುತ್ತದೆ. ಯಾರದ್ದೂ ಆಡದೆ ಸುಮ್ನೆ ಕೂತರೆ ನಿಮ್ಮದೂ ಮೂಲೆಗೆ. ಯಾವ ಸಮಿತಿಯ ಭಾಷಣವೂ ಇಲ್ಲದೆ ಜನ ಒಬ್ಬರ ಕೆಲಸ ಒಬ್ಬರು ನೋಡುತ್ತಾರೆ. ನಾವು ಹೋದ ವರ್ಷ ಜಾಮ್ ಮಾಡೋಣ ಅಂದು ಪೋಸ್ಟರ್‌ನಲ್ಲಿ ಯಾರ ಹೆಸರು ಮೊದಲು ಅಂತ ಜಗಳ ಆಡಿ ನಿಲ್ಲಿಸಿದೆವು.

ನನಗೆ ಬೇಕಿರುವುದು ಇಷ್ಟೇ: ಒಂದು ಪುಟ. ಹುಡುಕಿದರೆ ಸಿಗುವಂಥದ್ದು, ಚಾಟ್‌ನಲ್ಲಿ ಕೊಚ್ಚಿಹೋಗದಂಥದ್ದು. ಉತ್ತರ ಪಡೆದವರೇ ಅದನ್ನು ಅಲ್ಲಿ ಬರೆಯಬೇಕು, ಕೊಟ್ಟವರಲ್ಲ. ಕೊಟ್ಟವರಿಗೆ ಪುರುಸೊತ್ತು ಇರಲ್ಲ ಅನ್ನೋ ಮಾತು ಒಪ್ಪುತ್ತೇನೆ, ಅದಕ್ಕೇ ಹೀಗೆ. ಮೊದಲ ಪುಟ ನಾನು ಬರೆಯಬೇಕು, 2020ರ ಸಾಲ ಅದು. ಶನಿವಾರ ಬೆಳಿಗ್ಗೆ ಕಾಫಿ ಕುಡಿದು ಕೂತು ಬರೆದೂ ಬಿಟ್ಟೆ, ಒಂದು ಗಂಟೆಯೂ ಹಿಡಿಯಲಿಲ್ಲ.

ಬರೆದದ್ದನ್ನು ಹುಡುಗನಿಗೆ ಕಳಿಸಿ, ತಡವಾಯ್ತು ಕಣಪ್ಪಾ, ಈಗ ಹೀಗೆ ಮಾಡಿ ನೋಡು ಅಂದೆ. ಹತ್ತು ನಿಮಿಷಕ್ಕೆ ಉತ್ತರ ಬಂತು.

"ಥ್ಯಾಂಕ್ಸ್ ಅಣ್ಣಾ. ಇವತ್ತು ಕಾಲೇಜಲ್ಲಿ ತೋರಿಸ್ಬೇಕಿತ್ತು, ಅದಕ್ಕೆ ರಾತ್ರೀನೇ 'ಯು ವಿನ್' ಅಂತ ಇಂಗ್ಲಿಷಲ್ಲಿ ಹಾಕ್ಬಿಟ್ಟೆ."