ತಂಗಳು ಬೆಲೆ, ಬಿಸಿ ಲಾಭ

ಮುಂಬಯಿ ಪಕ್ಕದ ಡೊಂಬಿವಲಿಯ ನಮ್ಮ ಒಂದು ಬೆಡ್‌ರೂಮಿನ ಮನೆಯಲ್ಲೀಗ ಒಬ್ಬ ಲಕ್ಷಾಧೀಶನಿದ್ದಾನೆ. ಒಂಬತ್ತನೇ ಕ್ಲಾಸು. ವಡಾಪಾವ್‌ಗೆ ಇನ್ನೂ ನನ್ನ ಹತ್ತಿರವೇ ಕೈ ಚಾಚುತ್ತಾನೆ. ಆದರೆ ಮಕ್ಕಳಿಗೆ ಶೇರು ವ್ಯವಹಾರ ಕಲಿಸಲು ಶಾಲೆಯವರು ತರಿಸಿದ ಆ್ಯಪಿನಲ್ಲಿ ಅವನ ಹೆಸರಿಗೆ ಹತ್ತು ಲಕ್ಷ ಬಿದ್ದಿದೆ. ದುಡ್ಡು ಸುಳ್ಳು. ಫೀಸು ಮಾತ್ರ ನಿಜ, ಎರಡು ಸಾವಿರ.

ನನ್ನ ಅಪ್ಪ ಮಾಟುಂಗದ ಹೋಟೆಲೊಂದರ ಗಲ್ಲೆಯಲ್ಲಿ ಆಯುಷ್ಯ ಸವೆಸಿದವರು. 1928ರಲ್ಲೇ ಮನೆಬಾಗಿಲಿಗೆ ಬಂದು ದಿನಕ್ಕೆರಡು ಆಣೆ ಪಿಗ್ಮಿ ಎತ್ತಲು ಶುರುಮಾಡಿದ ಸಿಂಡಿಕೇಟ್ ಬ್ಯಾಂಕಿನ ಊರು ಉಡುಪಿಯವರು. ಮೊಮ್ಮಗನನ್ನು ಕೇಳಿದರು, "ಹತ್ತು ಲಕ್ಷವೂ ಮುಳುಗಿದರೆ ಏನಾಗ್ತದೆ ಮಗಾ?"

"ರೀಸೆಟ್ ಒತ್ತಿದ್ರೆ ವಾಪಸ್ ಬರ್ತದೆ ಅಜ್ಜ."

"ತೊಂಬತ್ತೆರಡರಲ್ಲಿ ಆ ಗುಂಡಿ ಎಲ್ಲಿತ್ತು ಮಾರಾಯ?" ದಲ್ಲಾಳಿ ಹರ್ಷದ್ ಮೆಹ್ತಾನ ಹಗರಣದಿಂದ ಶೇರುಪೇಟೆ ಕುಸಿದ ಆ ವರ್ಷ ಅಪ್ಪನದು ಎಷ್ಟು ಹೋಯಿತೆಂದು ಅಮ್ಮನಿಗೂ ಇವತ್ತಿನವರೆಗೆ ಗೊತ್ತಿಲ್ಲ.

ನಿಜವಾದ ತಮಾಷೆ ಇರುವುದು ಬೆಲೆಯಲ್ಲಿ. ಪಾಠದ ಹೆಸರಿನಲ್ಲಿ ಟಿಪ್ಸ್ ಮಾರುವವರ ಕಾಟ ತಾಳಲಾರದೆ ಶೇರುಪೇಟೆಯ ಕಾವಲು ಸಂಸ್ಥೆ ಸೆಬಿ 2025ರ ಜನವರಿಯಲ್ಲಿ ಒಂದು ಸುತ್ತೋಲೆ ಹೊರಡಿಸಿತು: ಶೇರು ಪಾಠ ಹೇಳುವವರು ಹಿಂದಿನ ಮೂರು ತಿಂಗಳ ಬೆಲೆಯನ್ನು ಮುಟ್ಟುವಂತಿಲ್ಲ. ನ್ಯಾಯವೇ. ನಮ್ಮ ಆ್ಯಪಿನವರಂತೂ ಬಹಳ ವಿಧೇಯರು. ಹಾಗಾಗಿ ಮಕ್ಕಳು ಜುಲೈಯಲ್ಲಿ ಕೂತು ಏಪ್ರಿಲಿನ ಬೆಲೆಗೆ ಕೊಳ್ಳುತ್ತಾರೆ, ಮಾರುತ್ತಾರೆ. ನಾಳೆ ಏರುತ್ತದೋ ಇಳಿಯುತ್ತದೋ ಬಲ್ಲವನು ಬ್ರಹ್ಮ. ಇಲ್ಲವಾದರೆ ರದ್ದಿವಾಲಾ.

ಇದು ಮೊದಲು ಹೊಳೆದದ್ದು ಬಿ ವಿಂಗಿನ ಹುಡುಗನೊಬ್ಬನಿಗೆ. ಶಾಲೆಯ ಕಂಪ್ಯೂಟರ್ ಲ್ಯಾಬಿನಲ್ಲಿ ಆ್ಯಪು ಬಿಟ್ಟರೆ ಬೇರೇನೂ ತೆರೆಯುವುದಿಲ್ಲ, ಮೊಬೈಲು ಒಳಗೆ ಒಯ್ಯುವಂತಿಲ್ಲ. ಪೇಪರಿಗೇನು ಅಡ್ಡಿ? ಅವನು ಸ್ಟೇಷನ್ ರಸ್ತೆಯ ರದ್ದಿ ಅಂಗಡಿಗೆ ಹೋಗಿ ಏಪ್ರಿಲ್ ತಿಂಗಳ ಕಟ್ಟುಗಳನ್ನು ಕಿಲೋ ಲೆಕ್ಕದಲ್ಲಿ ತಂದ. ಎಣ್ಣೆ ಕಲೆ, ಬಜ್ಜಿಯ ವಾಸನೆ ಸಮೇತ ಶೇರುಪೇಟೆಯ ಪುಟಗಳನ್ನು ಬೇರೆ ಮಾಡಿ, ಇಸ್ತ್ರಿ ಹಾಕಿ, ಹಾಳೆಗೆ ಐದು ರೂಪಾಯಿಯಂತೆ ಕ್ಲಾಸಿನಲ್ಲಿ ಮಾರಿದ. ಕಂಪನಿಯ ನಿರ್ದೇಶಕ ಮುಂದೇನಾಗುತ್ತದೆಂದು ಒಳಗಿನಿಂದ ತಿಳಿದುಕೊಂಡು ಶೇರು ಕೊಂಡರೆ ಸೆಬಿಯವರು ಹಿಡಿಯುತ್ತಾರೆ. ಇಲ್ಲಿ ಹಾಳೆ ಭೂಗೋಳದ ಪುಸ್ತಕದೊಳಗಿತ್ತು, ಟೀಚರಿಗೆ ಅದು ಅಧ್ಯಯನವಾಗಿ ಕಂಡಿತು.

ತಿಂಗಳ ಕೊನೆಗೆ ಇಡೀ ಕ್ಲಾಸೇ ಲಾಭದಲ್ಲಿ. "ನಿಮ್ಮ ಮಕ್ಕಳು ನಾಳಿನ ದಲಾಲ್ ಸ್ಟ್ರೀಟ್" ಎಂದು ಪೋಷಕರ ವಾಟ್ಸ್ಆ್ಯಪ್ ಗುಂಪಿನಲ್ಲಿ ಪ್ರಿನ್ಸಿಪಾಲರ ಸಂದೇಶ, ಹಿಂದೆಯೇ ನಲವತ್ತು ಚಪ್ಪಾಳೆ. ಚಪ್ಪಾಳೆ ತಟ್ಟಿದ ಅಪ್ಪಂದಿರಲ್ಲಿ ಎಷ್ಟು ಜನ ಶೇರಿನ ಮುಂದಿನ ಬೆಲೆಯ ಮೇಲೆ ಬಾಜಿ ಕಟ್ಟುವ ಫ್ಯೂಚರ್ಸ್-ಆಪ್ಷನ್ಸ್‌ನಲ್ಲಿ ಕೈ ಸುಟ್ಟುಕೊಂಡಿದ್ದಾರೋ! 2021–22ರಿಂದ ಮೂರು ವರ್ಷ ಅದರಲ್ಲಿ ಆಡಿದ ನೂರು ಸಾಮಾನ್ಯರಲ್ಲಿ 93 ಮಂದಿ ಕಳೆದುಕೊಂಡರು, ಒಟ್ಟು ನಷ್ಟ 1.8 ಲಕ್ಷ ಕೋಟಿ ದಾಟಿತು ಎಂದು ಸೆಬಿಯೇ ಲೆಕ್ಕ ಕೊಟ್ಟಿದೆ. ಪಾಪ, ಅವರಿಗೆ ಮುಂದಿನ ವಾರದ ಪೇಪರು ಸಿಕ್ಕಿರಲಿಲ್ಲ.

ಬಿ ವಿಂಗಿನ ಹುಡುಗ ಮಾತ್ರ ಕಡೆಯ ಸ್ಥಾನ. ಹಾಳೆ ಮಾರುವ ಗಡಿಬಿಡಿಯಲ್ಲಿ ಆ್ಯಪು ತೆರೆಯಲು ಅವನಿಗೆ ಪುರುಸೊತ್ತಾಗಿರಲಿಲ್ಲ. "ಹೂಡಿಕೆಯಲ್ಲಿ ಆಸಕ್ತಿ ಸಾಲದು" ಎಂದು ಟೀಚರ್ ಡೈರಿಯಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದಾರಂತೆ.

ನಿನ್ನೆ ಬಾಲ್ಕನಿಯ ಹಳೇ ಪೇಪರು ಕಟ್ಟಿ ಬಾಗಿಲಿಗಿಟ್ಟೆ. ಮಗ ಓಡಿಬಂದು ಕಟ್ಟಿನ ಮೇಲೆಯೇ ಕೂತ.

"ಮೇ ತಿಂಗಳದ್ದು ಕೊಡ್ಬೇಡಿ ಪಪ್ಪಾ. ಆಗಸ್ಟಿನಲ್ಲಿ ಎಂಟನೇ ಕ್ಲಾಸಿನ ಬ್ಯಾಚುಂಟು. ಹೋಲ್ಡ್ ಮಾಡಿ!"